ಕಿರುಬೆರಳಿನ ತಪ್ಪು

ನಮ್ಮೂರಲ್ಲಿ ಯಾರನ್ನಾದರೂ ಹೊಗಳಬೇಕೆಂದರೆ ಮೊದಲು ತಲೆಯೆತ್ತಿ ಮೇಲೆ ನೋಡಬೇಕು. ಮೇಲೆ ಸೂರಿದೆಯೋ ಬಯಲಿದೆಯೋ, ಫ್ಯಾನು ನಿಂತಿದೆಯೋ ತಿರುಗುತ್ತಿದೆಯೋ, ಕರೆಂಟಿನ ತಂತಿ ಎಷ್ಟು ದೂರ, ಇದನ್ನೆಲ್ಲ ನೋಡದೆ ಬಾಯಿಬಿಟ್ಟವರಿಂದ ಆದ ಅನಾಹುತ ಒಂದೆರಡಲ್ಲ. ಹೊಗಳಿಸಿಕೊಂಡವರು ನೆಲ ಬಿಟ್ಟು ಮೇಲೇರುತ್ತಾರೆ. ಬಾಯಿಮಾತಿನ ಹೊಗಳಿಕೆಯಾದರೆ ಒಂದು ಗೇಣು, ಮನಸ್ಸಿನಿಂದ ಬಂದದ್ದಾದರೆ ಆಳೆತ್ತರ. ನನ್ನ ತಮ್ಮ ದುಂಡಪ್ಪನ ಮದುವೆಗೆ ಪರವೂರಿನಿಂದ ಬಂದ ಮುದುಕರೊಬ್ಬರು ಗೊತ್ತಿಲ್ಲದೆ "ವರ ಭಾಳ ಛಂದ ಅದಾನ" ಎಂದುಬಿಟ್ಟರು. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ವರ ಹಂದರಕ್ಕೆ ತಲೆ ತಾಗಿಸಿಕೊಂಡು ತೇಲುತ್ತಿದ್ದ. ಅವನ ಮೂಗು, ಬಣ್ಣ, ಬುದ್ಧಿ, ಏಳು ತಲೆಮಾರು ಎಲ್ಲವನ್ನೂ ಅರ್ಧ ಗಂಟೆ ಬೈದು ಕೆಳಗಿಳಿಸಿ ತಾಳಿ ಕಟ್ಟಿಸಬೇಕಾಯಿತು. ಮೇಲೇರಿದವರನ್ನು ಇಳಿಸಲು ಬೈಗುಳ ಬಿಟ್ಟರೆ ಬೇರೆ ದಾರಿಯಿಲ್ಲ. ಮೆಲ್ಲಗೆ ಬೈದರೆ ಮೆಲ್ಲಗೆ ಇಳಿಯುತ್ತಾರೆ, ಒಮ್ಮೆಲೇ ಬೈದರೆ ದೊಪ್ಪನೆ ಬೀಳುತ್ತಾರೆ. ಊರಲ್ಲಿ ಎಲುಬು ಕೂಡಿಸುವವರು ಮೂವರಿದ್ದಾರೆ, ಮೂವರಿಗೂ ಕೈತುಂಬ ಕೆಲಸ.

ಹೀಗಾಗಿ ನಮ್ಮಲ್ಲಿ ಪ್ರೀತಿಯೆಂದರೆ ಬೈಗುಳ. ಕೂಸು ಹುಟ್ಟಿದ ಮನೆಗೆ ಹೋದವರು ತೊಟ್ಟಿಲಲ್ಲಿ ಇಣುಕಿ, ಇದೇನು ಮೂಗೋ ಸುಟ್ಟ ಬದನೆಕಾಯಿಯೋ ಎನ್ನುತ್ತಾರೆ, ಬಾಣಂತಿ ಹಿಗ್ಗುತ್ತಾಳೆ. ಗಂಡ ತಾಟಿನಲ್ಲಿ ಒಂದಗುಳೂ ಬಿಡದೆ ಉಂಡು, ಈ ಪಲ್ಯ ಎಮ್ಮೆಯೂ ಮೂಸುವುದಿಲ್ಲ ಎಂದರೆ ಹೆಂಡತಿ ಸಂಜೆಯವರೆಗೆ ಹಾಡು ಗುನುಗುತ್ತಾಳೆ. ಸನ್ಮಾನಕ್ಕೆ ಕರೆಸಿದವರ ತೊಡೆಯ ಮೇಲೆ ಬೀಸುವ ಕಲ್ಲಿಟ್ಟು, ಶಾಲು ಹೊದಿಸಿ, ಶಾಲಿನ ತುದಿಯನ್ನು ಕುರ್ಚಿಗೆ ಬಿಗಿದು, ಆಮೇಲೆ ಭಾಷಣ ಶುರು ಮಾಡುತ್ತೇವೆ.

ನಾನು ಗಂಗವ್ವ, ಹಿಟ್ಟಿನ ಗಿರಣಿಯವಳು. ಬೈಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಲ್ಲಿ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳಿದರೆ ನಾನು ಮೇಲೇರಿ ಗಿರಣಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತೇನೆ. ಪಕ್ಕದ ಓಣಿಯಲ್ಲೇ ಇನ್ನೊಂದು ಗಿರಣಿಯಿದ್ದರೂ ಜನ ಜೋಳ ಹೊತ್ತು ನನ್ನಲ್ಲಿಗೆ ಬರುತ್ತಾರೆ, ಹಿಟ್ಟಿನ ಜೊತೆಗೆ ನಾಲ್ಕು ಬೈಗುಳ ಕಟ್ಟಿಸಿಕೊಂಡು ಹೋಗುತ್ತಾರೆ. ಗಂಡ ಸತ್ತ ಮೇಲೆ ಮೂವತ್ತು ವರ್ಷ ನನ್ನ ಬಾಯೇ ನನಗೆ ಆಸರೆ. ಆ ಬಾಯಿಯೇ ನನ್ನ ಮಾನ ಕಳೆದ ಕಥೆ ಇದು.

ದುಂಡಪ್ಪನ ಮಗಳು ಶಾಕಾಂಬರಿ. ನಾವೆಲ್ಲ ಶಾಕು ಎನ್ನುತ್ತೇವೆ. ಅವಳಿಗೀಗ ಹತ್ತೊಂಬತ್ತು. ಚಿಕ್ಕವಳಿದ್ದಾಗ ಡಾಕ್ಟರು ನೋಡಿ ಆಟಿಸಂ ಎಂದರು. ಅದು ರೋಗವಲ್ಲ, ಅವಳಿರುವ ರೀತಿಯೇ ಅದು, ನೀವೇ ಸ್ವಲ್ಪ ಹೊಂದಿಕೊಳ್ಳಿ ಎಂದು ಹೇಳಿ ಕಳಿಸಿದರು. ಅವಳಿಗೆ ಗದ್ದಲ ಆಗದು, ಗಿರಣಿಗೆ ಬರುವುದಾದರೆ ಯಂತ್ರ ನಿಂತ ಮೇಲೆಯೇ. ಊಟದ ತಾಟಿನಲ್ಲಿ ಪಲ್ಯ ಮೊಸರಿಗೆ ತಾಗಬಾರದು. ಸಂತೋಷವಾದರೆ ಎರಡೂ ಕೈಯನ್ನು ಪಟಪಟನೆ ಆಡಿಸುತ್ತಾಳೆ. ಇವೆಲ್ಲ ನಮಗೆ ನಾಲ್ಕು ದಿನದಲ್ಲಿ ರೂಢಿಯಾದವು. ರೂಢಿಯಾಗದಿದ್ದದ್ದು ಒಂದೇ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ.

ಆರು ವರ್ಷದವಳಿದ್ದಾಗ ಅವ್ವ ನೀಲವ್ವ ಮಾಡಿದ ಹೋಳಿಗೆ ಬಾಯಿಗಿಟ್ಟುಕೊಂಡು "ಅವ್ವ, ಹೋಳಿಗಿ ಛಲೋ ಆಗ್ಯಾವು" ಎಂದಳು. ನೀಲವ್ವ ಸೌಟಿನ ಸಮೇತ ಜಂತಿಗೆ ಹೋಗಿ ಬಡಿದಳು. ಅಷ್ಟೆತ್ತರ ಏರಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂದಿನಿಂದ ಆಕೆ ಮಗಳಿಗೆ ಬಡಿಸುವ ಮುನ್ನ ಸೆರಗನ್ನು ಒರಳುಕಲ್ಲಿಗೆ ಕಟ್ಟಿಕೊಳ್ಳುತ್ತಾಳೆ. ಶಾಕು ಎದುರಿಗೆ ಬಂದರೆ ಜನ ಕಂಬ ಹಿಡಿದುಕೊಳ್ಳುತ್ತಿದ್ದರು. ಹೆದರಿಕೆಯೆಂದೇ ಎಲ್ಲರೂ ಹೇಳಿಕೊಂಡರೂ ಟೇಲರ್ ರಾಚಪ್ಪ ಮಾತ್ರ ಹೊಸ ಅಂಗಿ ಹೊಲಿದಾಗಲೆಲ್ಲ ಅದನ್ನು ತಾನೇ ತೊಟ್ಟುಕೊಂಡು ದುಂಡಪ್ಪನ ಮನೆಯ ಮುಂದೆ ನಾಲ್ಕು ಸಲ ಓಡಾಡುತ್ತಿದ್ದ. ಅಂಗಿ ಚೆನ್ನಾಗಿದ್ದರೆ ಬೇವಿನ ಮರದ ಮೇಲಿಂದ ಕೂಗುತ್ತಿದ್ದ, ಚೆನ್ನಾಗಿಲ್ಲದಿದ್ದರೆ ತಲೆ ತಗ್ಗಿಸಿ ಹೋಗಿ ಹೊಲಿಗೆ ಬಿಚ್ಚುತ್ತಿದ್ದ.

ಇತ್ತ ನಮ್ಮ ಬೈಗುಳ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಮುದ್ದಿನಿಂದ ಮಂಗ್ಯಾ ಎಂದರೆ ಕನ್ನಡಿಯ ಮುಂದೆ ಹೋಗಿ ನಿಂತು, ತಿರುಗಿ ಬಂದು, ನನಗೆ ಬಾಲ ಇಲ್ಲ ಎಂದು ವರದಿ ಒಪ್ಪಿಸುತ್ತಿದ್ದಳು. ನಮ್ಮೂರಲ್ಲಿ ಬೈಗುಳವೇ ಪ್ರೀತಿ ಎಂದು ನೀಲವ್ವ ವರ್ಷಗಟ್ಟಲೆ ಕಲಿಸಿದಳು. ಶಾಕು ಮಗ್ಗಿ ಕಲಿತಂತೆ ಅದನ್ನೂ ಕಲಿತಳು. ಕಲಿತು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ಹಂಗಾದ್ರ ನಾ ಖರೇನ ತಪ್ಪು ಮಾಡಿದ್ರ ನನಗ ಹೆಂಗ ಗೊತ್ತಾಗ್ತೈತಿ?"

ಉತ್ತರ ಸಿಕ್ಕಿದ್ದು ಹಳೆಯ ಅರಳೆ ಗೋದಾಮಿನಲ್ಲಿ. ಅಲ್ಲಿ ಏಕಾಂತಪ್ಪ ಮಾಸ್ತರು ಬೇಕೆಂದವರಿಗೆಲ್ಲ ಜಿಮ್ನಾಸ್ಟಿಕ್ಸ್ ಕಲಿಸುತ್ತಾರೆ. ಗೆಲ್ಲಬೇಕೆಂದಿಲ್ಲ, ವಯಸ್ಸಿನ ಕಟ್ಟಿಲ್ಲ, ಕ್ಷೌರದ ಅಂಗಡಿಯ ಹನುಮಂತಪ್ಪ ಅರವತ್ತಕ್ಕೆ ಲಾಗ ಹೊಡೆಯಲು ಸೇರಿದವನು. ಶಾಕು ಹನ್ನೆರಡಕ್ಕೆ ಹೋದವಳು ನಾಲ್ಕು ಬೆರಳಗಲದ ತೊಲೆಯ ಮೇಲೆ ಹತ್ತಿ ನಿಂತಳು, ಮತ್ತೆ ಮನೆಗೆ ಕರೆತರುವುದೇ ಕಷ್ಟವಾಯಿತು. ನೆಲದ ಮೇಲೆ ಎಡವುವ ಹುಡುಗಿ ತೊಲೆಯ ಮೇಲೆ ನೀರಿನ ಹಾಗೆ ಹರಿದಳು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಹಿಡಿಸಿದ್ದು ಅಲ್ಲಿನ ತಪ್ಪುಗಳು. ಮೊಣಕಾಲು ಬಾಗಿತು, ಕಾಲು ಭಾಗ ಅಂಕ ಹೋಯಿತು. ಹಿಮ್ಮಡಿ ಜಾರಿತು, ಅರ್ಧ ಹೋಯಿತು. ಇಲ್ಲಿ ಹೇಳುವ ತಪ್ಪು ಖರೆ ತಪ್ಪು ಎಂದು ಮಾಸ್ತರು ಅವಳಿಗೆ ಮಾತು ಕೊಟ್ಟಿದ್ದರು.

ವರ್ಷಕ್ಕೊಮ್ಮೆ ಅಲ್ಲಿ ಒಂದು ಕೂಟ ನಡೆಯುತ್ತದೆ. ಬಹುಮಾನವಿಲ್ಲ, ಎಲ್ಲರಿಗೂ ಒಂದೇ ಬಣ್ಣದ ರಿಬ್ಬನ್, ಒಂದೇ ಅಳತೆಯ ಉಂಡಿ. ತಪ್ಪು ಹೇಳಲು ಕೂರಿಸುವುದು ನನ್ನನ್ನು, ಊರಿನ ಬಾಯಿ ನಾನೇ ಅಲ್ಲವೇ. ಹತ್ತರಲ್ಲಿ ತಪ್ಪಿನ ಅಂಕ ಕಳೆದು ಉಳಿದದ್ದನ್ನು ಕೂಗುತ್ತೇನೆ. ಆದರೆ ಯಾರಿಗೂ ಹತ್ತಕ್ಕೆ ಹತ್ತು ಕೊಡುವ ಹಾಗಿಲ್ಲ. ಪೂರ್ತಿ ಅಂಕವೆಂದರೆ ಪೂರ್ತಿ ಹೊಗಳಿಕೆ, ಗೋದಾಮಿನ ಮೇಲೆ ಬರೀ ತಗಡು, ತಗಡಿಗೆ ಎರಡೆರಡೇ ಮೊಳೆ. ಆದ್ದರಿಂದ ಏನೂ ತಪ್ಪದವರಿಗೂ ಒಂದು ಮರ್ಯಾದೆಯ ತಪ್ಪು ಹುಟ್ಟಿಸಿ ಹೇಳುವುದು ಮೊದಲಿನಿಂದ ಬಂದ ಪದ್ಧತಿ. ಕಿವಿ ಅಲ್ಲಾಡಿತು, ಜಡೆ ನಕ್ಕಿತು, ಹೀಗೇನಾದರೂ. ಕೇಳಿದವರಿಗೆ ತಿಳಿಯುತ್ತದೆ, ನಕ್ಕು ಹೋಗಿ ಉಂಡಿ ತಿನ್ನುತ್ತಾರೆ.

ಹೋದ ವರ್ಷ ಮೊದಲ ಸಲ ಶಾಕು ತೊಲೆಯ ಮೇಲೆ ಒಂದೇ ಒಂದು ತಪ್ಪು ಮಾಡಲಿಲ್ಲ. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ಎಡಗಾಲಿನ ಕಿರುಬೆರಳು ಸೊಟ್ಟ, ಒಂಬತ್ತೂ ಮುಕ್ಕಾಲು ಎಂದೆ. ಜನ ಮನಸಾರೆ ನಕ್ಕರು. ನನ್ನ ಜಾಣತನಕ್ಕೆ ನಾನೇ ಅರ್ಧ ಗೇಣು ಎದ್ದೆನೋ ಏನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತನ್ನು ಮರೆತು ಮನೆಗೆ ಹೋದೆ.

ಈ ವರ್ಷ ಕೂಟಕ್ಕೆ ಎಂಟು ದಿನವಿರುವಾಗ, ಗಿರಣಿ ನಿಲ್ಲಿಸಿ ಹಿಟ್ಟು ಗುಡಿಸುತ್ತಿದ್ದೆ. ಶಾಕು ಒಂದು ಕಟ್ಟು ಕಾಗದ ತಂದು ತಕ್ಕಡಿಯ ಪಕ್ಕದಲ್ಲಿಟ್ಟಳು. ಎಲ್ಲದರ ಮೇಲೂ ಒಂದೇ ಚಿತ್ರ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ ಎಡಗಾಲು. ದಿನಕ್ಕೊಂದರಂತೆ ವರ್ಷವಿಡೀ ತೆಗೆದಿದ್ದಳು. ಕಿರುಬೆರಳನ್ನು ಪಕ್ಕದ ಬೆರಳಿಗೆ ದಾರದಿಂದ ಕಟ್ಟಿಕೊಂಡು ಮಲಗಿದ್ದಳಂತೆ. ಎಲುಬು ಕೂಡಿಸುವ ಮೂವರ ಹತ್ತಿರವೂ ಹೋಗಿದ್ದಳಂತೆ, ಮೂವರೂ ನಮ್ಮೂರಿನವರಲ್ಲವೇ, ಎಂಥ ಕೆಟ್ಟ ಕಾಲು ಎಂದು ಪ್ರೀತಿಯಿಂದ ಬೈದು ಕಳಿಸಿದ್ದರು.

"ಅತ್ತಿ, ಇದರಾಗ ಯಾವ ದಿನ ಬೆರಳು ನೆಟ್ಟಗಾಗೇತಿ ನೋಡಿ ಹೇಳು," ಎಂದಳು. "ನನಗ ಫರಕ ಕಾಣವಲ್ದು. ನೀ ನೋಡೀದಿ, ನಿನಗ ಗೊತ್ತೈತಿ."

ನಾನು ಒಂದೊಂದೇ ಕಾಗದ ತಿರುವಿದೆ. ಮೊದಲ ದಿನದ ಬೆರಳೂ ಕೊನೆಯ ದಿನದ ಬೆರಳೂ ಒಂದೇ. ಎರಡೂ ಚೆನ್ನಾಗಿಯೇ ಇದ್ದವು.

ಶಾಕು ಬಸ್ಸಿನ ವೇಳೆ ಹೇಳುವವಳಂತೆ ಮುಂದುವರಿಸಿದಳು. ಈ ಸಲವೂ ಬೆರಳು ಸೊಟ್ಟವೇ ಇದ್ದರೆ ತೊಲೆ ಹತ್ತುವುದನ್ನು ಬಿಡುತ್ತಾಳಂತೆ. ವರ್ಷವಿಡೀ ಮಾಡಿಯೂ ಸರಿಹೋಗದ್ದು ಮುಂದೆ ಸರಿಹೋಗುವುದಿಲ್ಲ, ತನ್ನ ಜಾಗವನ್ನು ಬೇರೆಯವರಿಗೆ ಕೊಡಬೇಕು. ಅಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಕಾಗದಗಳ ಅಂಚನ್ನು ಮಾತ್ರ ಬೆರಳಿನಿಂದ ಮತ್ತೆ ಮತ್ತೆ ಸಮ ಮಾಡುತ್ತಿದ್ದಳು. ನನ್ನ ಬಾಯಿ ರೂಢಿಯಂತೆ, ಹುಚ್ಚ ಮೂಳಿ, ಮನೆಗೆ ನಡಿ ಎಂದಿತು. ಅವಳು ತಲೆ ಓರೆ ಮಾಡಿ, "ಇದು ಪ್ರೀತಿ ಬೈಗುಳೋ, ಖರೇ ಬೈಗುಳೋ?" ಎಂದು ಕೇಳಿದಳು. ನಾನು ಗುಡಿಸುವ ನೆವದಲ್ಲಿ ಆಚೆ ತಿರುಗಿದೆ. ಅಲ್ಲೇ ಹೇಳಿಬಿಡಬಹುದಿತ್ತು. ಗಿರಣಿಯ ಮೇಲೆ ಗಟ್ಟಿ ಮಾಳಿಗೆಯೇ ಇದೆ, ಅವಳು ಎಲ್ಲಿಗೂ ಹಾರಿಹೋಗುತ್ತಿರಲಿಲ್ಲ. ಹೇಳಲಿಲ್ಲ, ಯಾಕೆಂದರೆ ನನಗೆ ನಾಚಿಕೆಯಾಯಿತು. ಊರಿಗೆಲ್ಲ ತಪ್ಪು ಹೇಳುವವಳ ತಪ್ಪು ಇಷ್ಟು ದೊಡ್ಡದಿರುತ್ತದೆಂದು ನಾನು ತಿಳಿದಿರಲಿಲ್ಲ.

ಮರುದಿನ ಏಕಾಂತಪ್ಪ ಮಾಸ್ತರರ ಮುಂದೆ ಎಲ್ಲ ಒದರಿದೆ. ಅವರು ತೊಲೆ ಒರೆಸುತ್ತಿದ್ದರು. ಅವಳಿಗೆ ಮಾತು ಕೊಟ್ಟವನು ನಾನು, ಕೆಡಿಸಿದವಳು ನೀನು ಎಂದರು. ಆಮೇಲೆ ತಗಡಿನ ಕಡೆ ನೋಡಿ, "ಗಂಗಕ್ಕ, ಕೆಳಗಿಂದು ನೀ ಖರೆ ಹೇಳು, ಮ್ಯಾಲಿಂದು ನಾ ನೋಡ್ಕೋತೀನಿ," ಎಂದರು. ಎರಡೇ ದಿನದಲ್ಲಿ ಮೇವು ಸಾಗಿಸುವ ಲಾರಿಯ ದೊಡ್ಡ ಬಲೆ ಬೇಡಿ ತಂದು ಗೋದಾಮಿನ ತಗಡಿನ ಕೆಳಗೆ, ಜಂತಿಗಳಿಗೆ ಕಟ್ಟಿಸಿದರು. ಕೇಳಿದವರಿಗೆಲ್ಲ, ಪಾರಿವಾಳದ ಕಾಟ ಎಂದರು.

ಕೂಟದ ದಿನ ಇಡೀ ಊರು ಚಪ್ಪಲಿ ಹೊರಗೆ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕೂತಿತು. ಶಾಕುವಿಗಾಗಿ ಮಾಸ್ತರು ಕೆಲವು ಕಟ್ಟಳೆ ಮಾಡಿದ್ದರು. ಗಂಟೆಯಿಲ್ಲ, ಹಸಿರು ಟವೆಲ್ ಎತ್ತಿದರೆ ಶುರು. ಮಿಣುಕುವ ಟ್ಯೂಬ್‌ಲೈಟು ಬಿಚ್ಚಿಟ್ಟಾಗಿತ್ತು. ಆಟ ಮುಗಿದ ಮೇಲೆ ಜನ ಒಟ್ಟಿಗೆ ಬೈಯುವುದು ನಮ್ಮ ವಾಡಿಕೆ, ಆ ಗದ್ದಲ ಅವಳಿಗೆ ಆಗದೆಂದು ಬೈಯುವವರಿಗೆ ಬಾಗಿಲಲ್ಲೇ ಚೀಟಿ ಹಂಚಿದ್ದರು. ನಂಬರಿನ ಪ್ರಕಾರ ಒಬ್ಬೊಬ್ಬರೇ ಎದ್ದು ಮೆಲ್ಲಗೆ ಬೈದು ಕೂರಬೇಕು. ಹನುಮಂತಪ್ಪ ಲಾಗ ಹೊಡೆಯಲು ಹೋಗಿ ಅರ್ಧಕ್ಕೆ ನಿಂತು, ಅಲ್ಲಿಂದಲೇ ಮುಂದೇನು ಎಂದು ಮಾಸ್ತರರನ್ನು ಕೇಳಿದ. ಅವನಿಗೆ ಮರ್ಯಾದೆಯ ತಪ್ಪು ಹುಡುಕುವ ತೊಂದರೆಯೇ ಬರಲಿಲ್ಲ. ಏಳು ಚೀಟಿಯವರು ಸಾಲಾಗಿ ಎದ್ದು ಅವನ ಹೊಟ್ಟೆಯನ್ನು ಬೈದರು, ಅವನು ಕೈಮುಗಿದು ಉಂಡಿ ತೆಗೆದುಕೊಂಡ.

ಶಾಕು ಬಂದಳು. ಕಿವಿಗೆ ಉಲ್ಲನ್ ಪಟ್ಟಿ, ಎಡಗಾಲಿನ ಕಿರುಬೆರಳಿಗೆ ಬಿಳಿಯ ಟೇಪು. ತೊಲೆಯ ಕೆಳಗೆ ಹಾಸಿದ ಹಾಸಿಗೆಯ ನಾಲ್ಕು ಮೂಲೆಯನ್ನೂ ಮುಟ್ಟಿದಳು, ಕೈ ಪಟಪಟ ಆಡಿಸಿದಳು, ಟವೆಲ್ ಏಳುತ್ತಲೇ ತೊಲೆ ಹತ್ತಿದಳು. ನಡೆದಳು, ಒಂದು ಕಾಲಿನ ಮೇಲೆ ಪೂರ್ತಿ ಸುತ್ತು ತಿರುಗಿದಳು, ಕೈ ಊರಿ ತಲೆಕೆಳಗಾಗಿ ನಿಂತಳು. ಅಷ್ಟರಲ್ಲಿ ಟೇಲರ್ ರಾಚಪ್ಪನಿಂದ ತಡೆಯಲಾಗಲಿಲ್ಲ. "ಶಹಬ್" ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ನೀಲವ್ವ ಅವನ ಬಾಯಿಗೆ ಉಂಡಿ ತುರುಕಿದಳು. ಆದರೂ ಅರ್ಧ ಶಬ್ದ ಹೊರಬಿದ್ದಿತ್ತು. ಶಾಕುವಿನ ಅಂಗೈ ತೊಲೆಯಿಂದ ಕೂದಲೆಳೆಯಷ್ಟು ಮೇಲೆದ್ದಿತು. ಅವಳು ಹೆದರಲಿಲ್ಲ, ತೊಲೆ ತಾನಾಗಿ ಕೈಗೆ ಬರುವವರೆಗೆ ಕಾದು, ಉಳಿದದ್ದನ್ನು ಮುಗಿಸಿ, ಗಾಳಿಯಲ್ಲಿ ಒಂದು ಲಾಗ ಹೊಡೆದು ಎರಡೂ ಕಾಲು ಕೂಡಿಸಿ ಇಳಿದಳು. ಹಾಸಿಗೆ ಉಸಿರೆತ್ತಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಶಾಕು ಮಾತ್ರ ನನ್ನನ್ನು ನೋಡಲಿಲ್ಲ, ಬಾಗಿ ಟೇಪು ಬಿಚ್ಚಿ ಕಿರುಬೆರಳನ್ನು ಮುಂದೆ ಚಾಚಿ ನಿಂತಳು. ನಾನು ಸರಿಯಾಗಿ ನೋಡಲಿ ಎಂದು. ನಾನು ಎದ್ದೆ. ಮೂವತ್ತು ವರ್ಷದ ರೂಢಿ ಸುಮ್ಮನಿರುತ್ತದೆಯೇ, ಬಾಯಿ ತಾನಾಗಿಯೇ "ಎಡಗಾಲು" ಎಂದುಬಿಟ್ಟಿತು. ಅವಳು ತಲೆ ಅಲ್ಲಾಡಿಸಿ, ಗೊತ್ತಾಯಿತು ಎನ್ನುವಂತೆ ಟೇಪನ್ನು ಮಡಚತೊಡಗಿದಳು. ನಾಲಿಗೆ ಕಚ್ಚಿಕೊಂಡೆ. ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದೆ.

"ಎಡಗಾಲು ನೆಟ್ಟಗೈತಿ," ಎಂದೆ. "ಬಲಗಾಲೂ ನೆಟ್ಟಗೈತಿ. ಏನೂ ತಪ್ಪಿಲ್ಲ. ಹತ್ತಕ್ಕ ಹತ್ತು. ಹೋದ ವರ್ಷನೂ ತಪ್ಪಿದ್ದಿಲ್ಲ, ಶಾಕು. ಕಿರಿಬೆರಳು ಅವತ್ತೂ ಹಿಂಗ ಇತ್ತು. ನಾ ಸುಳ್ಳು ಹೇಳಿದ್ದೆ."

ಗೋದಾಮಿನಲ್ಲಿ ಯಾರೂ ಹಿಂದೆ ಅಂಥ ಮಾತು ಕೇಳಿರಲಿಲ್ಲ. ಶಾಕು ಏರಿದಳು. ರಾಚಪ್ಪನ ಆ ಅರ್ಧ ಶಬ್ದ ಬಿಟ್ಟರೆ ಹುಟ್ಟಿದಾಗಿನಿಂದ ಅವಳನ್ನು ಒಬ್ಬರೂ ಹೊಗಳಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು. ಊರನ್ನೆಲ್ಲ ಏರಿಸಿದ ಹುಡುಗಿ ತಾನು ಏರುತ್ತಿದ್ದದ್ದು ಅದೇ ಮೊದಲು. ಆಳೆತ್ತರ ದಾಟಿದಳು, ಎರಡಾಳು ದಾಟಿದಳು, ಬಲೆ ಮುಟ್ಟಿದಳು. ಆಗ ಜನಕ್ಕೆ ಎಚ್ಚರವಾಯಿತು. ಚೀಟಿಗೀಟಿ ಮರೆತು ಐನೂರು ಬಾಯಿ ಒಮ್ಮೆಲೇ ಬೈಯಲು ಶುರು ಮಾಡಿದವು, ಮಗು ಕೆಳಗಿಳಿಯಲಿ ಎಂಬ ಕಳಕಳಿಯಿಂದಲೇ. ಶಾಕು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಲೆಗೆ ಬೆನ್ನು ಒತ್ತಿ ಮುದುಡಿದಳು. ಗದ್ದಲವಷ್ಟೇ ಕಿವಿಗೆ ಬಿತ್ತು, ಬೈಗುಳ ತಾಗಲಿಲ್ಲ, ಅವಳು ಇಳಿಯಲಿಲ್ಲ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆಸಿದ ದನಿ ನನ್ನದು, ಅಷ್ಟನ್ನೂ ತೆಗೆದು ಬಾಯಿ ಮುಚ್ಚಿರೆಂದು ಒದರಿದೆ. ಐನೂರು ಬಾಯಿ ಟಪ್ಪನೆ ಮುಚ್ಚಿದವು.

ಅವಳು ಮೆಲ್ಲಗೆ ಕಿವಿಯಿಂದ ಕೈ ತೆಗೆದಳು. ಸುತ್ತ ನೋಡಿದಳು. ಆಮೇಲೆ ಮೇಲಿನಿಂದಲೇ ನನ್ನನ್ನು ಕೇಳಿದಳು.

"ಅತ್ತಿ, ಹೋದ ವರ್ಷ ಯಾಕ ಸುಳ್ಳು ಹೇಳಿದಿ?"

"ನೀ ಏರ್ತಿ ಅಂತ ಅಂಜಿಕಿ ಬಂತವ್ವ," ಎಂದೆ. ಊರೆಲ್ಲ ಕೇಳಿಸಿಕೊಂಡಿತು.

"ಏರಿದ್ರ ಏನಾಗ್ತಿತ್ತು?" ಎಂದಳು. "ನನಗ ಇಳಿಯಾಕ ಬರ್ತೈತಲ್ಲ."

ಮೊಣಕಾಲು ಕೂಡಿಸಿಕೊಂಡಳು, ಕೈ ಎರಡೂ ಬದಿಗೆ ಚಾಚಿದಳು, ತೊಲೆಯಿಂದ ಇಳಿಯುವ ಹಾಗೆಯೇ ಮನಸ್ಸು ಮಾಡಿದಳು. ಮೊದಲು ನಿಧಾನವಾಗಿ, ಆಮೇಲೆ ಒಂದೇ ಅಳತೆಯಲ್ಲಿ ಇಳಿದು ಬಂದು ಎರಡೂ ಪಾದ ಜೋಡಿಸಿ ಹಾಸಿಗೆಯ ಮೇಲೆ ನಿಂತಳು. ಬೈಗುಳದ ಹಂಗಿಲ್ಲದೆ ಒಬ್ಬರು ನೆಲಕ್ಕೆ ಬಂದದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಎಲುಬು ಕೂಡಿಸುವ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಕಾಂತಪ್ಪ ಮಾಸ್ತರು ಹಸಿರು ಟವೆಲಿನಿಂದ ಕಣ್ಣೊರೆಸಿಕೊಂಡರು. ಹನುಮಂತಪ್ಪ, ಹೀಗೆ ಇಳಿಯುವುದನ್ನು ಕಲಿಸುವ ಹೊಸ ಬ್ಯಾಚ್ ಯಾವಾಗ ಶುರು ಎಂದು ವಿಚಾರಿಸಿದ.

ಶಾಕು ನೆಟ್ಟಗೆ ನನ್ನ ಕುರ್ಚಿಯ ಹತ್ತಿರ ಬಂದಳು. ಅವಳು ಯಾರ ಮುಖವನ್ನೂ ದಿಟ್ಟಿಸುವುದಿಲ್ಲ, ನನ್ನ ಭುಜದ ಪಕ್ಕದಲ್ಲಿ ಎಲ್ಲೋ ನೋಡುತ್ತ ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ನನಗೆ ಬೇಕಾಗಿದ್ದೂ ಅದೇ.

"ಅತ್ತಿ, ಇವತ್ತ ಖರೆ ಹೇಳೀದಿ," ಎಂದಳು. "ಛಲೋ ಹೇಳೀದಿ."

ನಾನು ತೊಂಬತ್ತು ಕಿಲೋ ತೂಗುತ್ತೇನೆ. ಗಂಡ ಇದ್ದಾಗಲೂ, ಸತ್ತ ಮೇಲೂ ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಕುರ್ಚಿಯನ್ನು ಇನ್ನೂ ಹಿಡಿದೇ ಇದ್ದೆ, ಅದೂ ಜೊತೆಗೆ ಬಂತು. ಹೋಗಿ ಮಾಸ್ತರರ ಬಲೆಗೆ ಬಿದ್ದ ಏಟಿಗೆ ಗೋದಾಮಿನ ತಗಡೆಲ್ಲ ಗಡಗಡ ಎಂದಿತು. ಕೆಳಗೆ ದೊಡ್ಡ ಗೊಂದಲವಾಯಿತು. ನನ್ನನ್ನು ಇಳಿಸಲು ಬೈಯಬೇಕು, ಆದರೆ ನನ್ನನ್ನು ಬೈದು ಗೆಲ್ಲುವವರು ಯಾರು? ದುಂಡಪ್ಪ ನಾಲ್ಕು ಮಾತು ಬೈದ, ನಾನು ಒಂದಿಂಚೂ ಅಲ್ಲಾಡಲಿಲ್ಲ. ರಾಚಪ್ಪ ಬೈದ ಬೈಗುಳದ ತಪ್ಪುಗಳನ್ನು ನಾನೇ ಮೇಲಿನಿಂದ ತಿದ್ದಿ ಹೇಳಿದೆ. ಕೊನೆಗೆ ಚೀಟಿ ಪ್ರಕಾರ ಸಾಲು ಹಚ್ಚಿದರು, ನಂಬರ್ ಒಂದರಿಂದ. ಸಂಜೆಯಾಗುತ್ತದೆ ಎಂದರು ಯಾರೋ. ಆಗಲಿ ಎಂದೆ, ನನಗೇನೂ ಅವಸರವಿರಲಿಲ್ಲ.

ಕೆಳಗೆ ಶಾಕು ತನ್ನ ರಿಬ್ಬನ್ ತೆಗೆದುಕೊಂಡು, ಚೀಲದಿಂದ ಹೊಸದೊಂದು ಕಾಗದ ತೆಗೆದು ನೆಲಕ್ಕೆ ಹಾಸಿದಳು. ಅದರ ಮೇಲೆ ಎಡಗಾಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು. ಗೆರೆ ಮುಗಿಸಿ ಕಾಗದವನ್ನು ತಲೆಯ ಮೇಲೆತ್ತಿ ನನಗೆ ಕಾಣುವ ಹಾಗೆ ಹಿಡಿದಳು. ಅಷ್ಟೆತ್ತರದಿಂದಲೂ ಕಾಣುತ್ತಿತ್ತು, ಕಿರುಬೆರಳು ನೆಟ್ಟಗಿತ್ತು. ನೆಟ್ಟಗೈತಿ ಎಂದು ಕೂಗಿ ಹೇಳಿದೆ. ಅವಳು ಗೊತ್ತೈತಿ ಎಂದಳು, ಕೈ ಪಟಪಟ ಆಡಿಸಿದಳು.